ವೇದನೆಗೆ ವಿದ್ಯುತ್ತಿನ ಮದ್ದು

ದೇಹದ ಸಂಕಟವನ್ನು ಹೇಳಿಕೊಳ್ಳಲು ಕನ್ನಡದಲ್ಲಿ ಮಾತುಗಳಿಗೆ ಬರಗಾಲವಿಲ್ಲ. ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಸೊಂಟ ಹಿಡಿಯುತ್ತದೆ, ಕಾಲು ಸೆಳೆಯುತ್ತದೆ, ಗಾಯ ಉರಿಯುತ್ತದೆ. ನೋವು, ಬೇನೆ, ಶೂಲೆ, ಚಳುಕು, ಉಳುಕು ಎಂಬ ಹೆಸರುಗಳಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣವುಂಟು. ಇವುಗಳ ನಡುವೆ ಸಂಸ್ಕೃತದಿಂದ ಬಂದು ನೆಲೆಸಿದ 'ವೇದನೆ' ಎಂಬ ಪದದ ಹುಟ್ಟು ಗಮನಿಸತಕ್ಕದ್ದು. 'ಅರಿ' ಎಂಬ ಅರ್ಥದ 'ವಿದ್' ಧಾತುವಿನಿಂದ ಹುಟ್ಟಿದುದು ಅದು. 'ವಿದ್ಯೆ', 'ವೇದ' ಎಂಬುವು ಅದರ ಒಡಹುಟ್ಟುಗಳು. ನೋವೆಂಬುದು ಮೊದಲಿಗೆ ಒಂದು ಅರಿವು. ಅರಿಯುವ ಒಬ್ಬರನ್ನು ಬಿಟ್ಟರೆ ಅದಕ್ಕೆ ಬೇರೆ ಸಾಕ್ಷಿಯಿಲ್ಲ. ಜ್ವರವನ್ನು ಅಳೆಯಲು ಉಷ್ಣಮಾಪಕವಿದೆ, ರಕ್ತದ ಒತ್ತಡವನ್ನು ಅಳೆಯಲು ಯಂತ್ರವಿದೆ. ನೋವನ್ನು ಅಳೆಯುವುದಕ್ಕೆ ಮಾತ್ರ ನೊಂದವರ ಮಾತೇ ಇಂದಿಗೂ ಅಳತೆಗೋಲು.

ಆ ಮಾತನ್ನು ನಂಬುವವರೇ ಇಲ್ಲವಾದರೆ ಏನು ಗತಿ? ಬೆಳಗ್ಗೆ ಹಾಸಿಗೆಯಿಂದ ಏಳುವಾಗಲೇ ಮೈಯೆಲ್ಲ ಕುಟ್ಟಿಹಾಕಿದಂತಿರುವ ಒಬ್ಬ ಗೃಹಿಣಿಯನ್ನು ವಾಚಕರು ಊಹಿಸಿಕೊಳ್ಳಲಿ. ಕತ್ತು, ಹೆಗಲು, ಬೆನ್ನು, ತೊಡೆ, ಎಲ್ಲಿ ಮುಟ್ಟಿದರೂ ನೋವು. ರಾತ್ರಿ ಎಂಟು ಗಂಟೆಗಳ ಕಾಲ ಮಲಗಿದ್ದರೂ ನಿದ್ರೆ ಮಾಡಿದ ಹಾಗಿಲ್ಲ. ಒಲೆಯ ಮೇಲೆ ಹಾಲಿಟ್ಟದ್ದು ಮರೆತುಹೋಗುತ್ತದೆ. ಆಡಬೇಕೆಂದಿದ್ದ ಮಾತು ನಾಲಗೆಯ ತುದಿಗೆ ಬಂದು ಜಾರುತ್ತದೆ. ರಕ್ತಪರೀಕ್ಷೆಯಾಯಿತು, ಕ್ಷ-ಕಿರಣದ ಚಿತ್ರ ತೆಗೆದದ್ದಾಯಿತು. ಎಲ್ಲವೂ ಸರಿಯಾಗಿದೆಯೆಂಬ ಉತ್ತರ ಬಂದಿತು. ಸಂತೋಷವನ್ನು ತರಬೇಕಾಗಿದ್ದ ಆ ಉತ್ತರವೇ ಆಕೆಗೆ ಶಿಕ್ಷೆಯಾಗುತ್ತದೆ. 'ಡಾಕ್ಟರೇ ಏನೂ ಇಲ್ಲವೆಂದರಂತೆ' ಎಂದು ಅತ್ತೆ ನೆರೆಮನೆಯವರಿಗೆ ಹೇಳುತ್ತಾರೆ. 'ಎಲ್ಲ ನಿನ್ನ ಮನಸ್ಸಿನ ಭ್ರಮೆ ಕಣೇ' ಎಂದು ಗಂಡ ಸಮಾಧಾನ ಮಾಡುತ್ತಾನೆ. ನೋವಿಗಿಂತಲೂ ಆ ಸಮಾಧಾನ ಹೆಚ್ಚು ನೋಯಿಸುತ್ತದೆ.

ಈ ಬಗೆಯ ಕಾಯಿಲೆಗೆ ವೈದ್ಯರು ಇಟ್ಟಿರುವ ಹೆಸರು ಫೈಬ್ರೊಮಯಾಲ್ಜಿಯ. ಲ್ಯಾಟಿನ್ ಭಾಷೆಯ 'ನಾರು', ಗ್ರೀಕ್ ಭಾಷೆಯ 'ಸ್ನಾಯು' ಮತ್ತು 'ನೋವು' ಎಂಬ ಪದಗಳನ್ನು ಹೆಣೆದು ಮಾಡಿದ ಹೆಸರು ಅದು. 1904ರಲ್ಲಿ ಇಂಗ್ಲೆಂಡಿನ ನರರೋಗ ತಜ್ಞ ವಿಲಿಯಂ ಗೋವರ್ಸ್ ಇಂತಹ ನೋವನ್ನು 'ಫೈಬ್ರೊಸೈಟಿಸ್' ಎಂದು ಕರೆದನು. ಸ್ನಾಯುಗಳ ನಾರಿನಲ್ಲಿ ಉರಿಯೂತವಿರಬೇಕೆಂಬುದು ಆ ಹೆಸರಿನ ಅರ್ಥ. ಎಷ್ಟು ಹುಡುಕಿದರೂ ಉರಿಯೂತ ಸಿಕ್ಕಲಿಲ್ಲ. ಆದುದರಿಂದ 1976ರ ಹೊತ್ತಿಗೆ ಹೆಸರು ಬದಲಾಯಿತು. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ಇದಕ್ಕೊಂದು ಲಕ್ಷಣವನ್ನು ಹೇಳಿತು: ಮೂರು ತಿಂಗಳಿಗೂ ಮೀರಿ ಮೈಯೆಲ್ಲ ಹರಡಿದ ನೋವಿರಬೇಕು, ದೇಹದ ಮೇಲೆ ಗುರುತುಮಾಡಿದ 18 ಸ್ಥಾನಗಳನ್ನು ಒತ್ತಿದಾಗ ಕನಿಷ್ಠ 11 ಕಡೆಗಳಲ್ಲಿ ನೋಯಬೇಕು. 2010ರಲ್ಲಿ ಆ ಸಂಸ್ಥೆಯೇ ಒತ್ತಿ ನೋಡುವ ಕಟ್ಟಳೆಯನ್ನು ಬಿಟ್ಟು, ನೋವಿನ ಹರಹು, ದಣಿವು, ನಿದ್ರೆ, ನೆನಪು ಇವುಗಳನ್ನು ರೋಗಿಯನ್ನೇ ಕೇಳಿ ತಿಳಿಯುವ ಕ್ರಮವನ್ನು ಮುಂದಿಟ್ಟಿತು. ವೈದ್ಯಶಾಸ್ತ್ರವು ಬೆರಳನ್ನು ಹಿಂದೆ ತೆಗೆದುಕೊಂಡು ಕಿವಿಯನ್ನು ಮುಂದೆ ಮಾಡಿತೆನ್ನಬಹುದು.

ನೋವು ಸ್ನಾಯುವಿನಲ್ಲಿಲ್ಲದಿದ್ದರೆ ಮತ್ತೆಲ್ಲಿದೆ? 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ರಿಚರ್ಡ್ ಗ್ರೇಸ್ಲಿ ಮತ್ತು ಅವರ ಸಂಗಡಿಗರು ಈ ಕಾಯಿಲೆಯವರ ಮತ್ತು ಆರೋಗ್ಯವಂತರ ಎಡಗೈ ಹೆಬ್ಬೆರಳಿನ ಉಗುರಿನ ಬುಡವನ್ನು ಒತ್ತಿ, ಅದೇ ಹೊತ್ತಿನಲ್ಲಿ ಮಿದುಳಿನ ಚಟುವಟಿಕೆಯ ಚಿತ್ರಗಳನ್ನು ತೆಗೆದರು. ಆರೋಗ್ಯವಂತರಿಗೆ ಬರಿಯ ಒತ್ತಡವೆನಿಸಿದ್ದು ರೋಗಿಗಳಿಗೆ ನೋವಾಗಿತ್ತು. ಆರೋಗ್ಯವಂತರನ್ನು ಬಹಳ ಬಲವಾಗಿ ಒತ್ತಿದಾಗ ಅವರ ಮಿದುಳಿನಲ್ಲಿ ಕಂಡುಬಂದಂತಹ ಚಟುವಟಿಕೆಯೇ ರೋಗಿಗಳಲ್ಲಿ ಅಲ್ಪ ಒತ್ತಡಕ್ಕೆ ಕಂಡುಬಂದಿತು. ಧ್ವನಿಯ ಗುಂಡಿಯನ್ನು ಪೂರ್ತಿ ತಿರುಗಿಸಿದ ರೇಡಿಯೋದಲ್ಲಿ ಪಿಸುಮಾತೂ ಕೂಗಾಗಿ ಕೇಳುವಂತೆ, ಬೆನ್ನುಹುರಿಯೂ ಮಿದುಳೂ ಸೇರಿ ಬರುವ ಸುದ್ದಿಯನ್ನೆಲ್ಲ ಹಿಗ್ಗಿಸಿ ಕೇಳುತ್ತವೆ. ಕೂಗು ಸುಳ್ಳಲ್ಲ, ಕೇಳುವವಳಿಗೆ ಅದು ಕೂಗೇ ಸರಿ. ಆಕೆ ನೋವನ್ನು ಕಲ್ಪಿಸಿಕೊಳ್ಳುತ್ತಿಲ್ಲವೆಂಬುದಕ್ಕೆ ಈ ಚಿತ್ರಗಳು ನೆರವಾಗಿ ನಿಂತವು.

ಇಂತಹ ನೋವನ್ನು ತಗ್ಗಿಸಲು ಇಂದು ಬಳಕೆಯಲ್ಲಿರುವ ಉಪಾಯಗಳಲ್ಲಿ ವಿದ್ಯುಚ್ಚಿಕಿತ್ಸೆಯೂ ಒಂದು. ಜನರ ಬಾಯಲ್ಲಿ ಇದು 'ಕರೆಂಟ್ ಕೊಡಿಸುವುದು'. ಮಾನಸಿಕ ರೋಗಗಳಿಗೆ ತಲೆಗೆ ಕೊಡುವ ವಿದ್ಯುದಾಘಾತವೇ ಇದೆಂದು ಹೆದರುವವರುಂಟು. ಅದು ಬೇರೆ, ಇದು ಬೇರೆ. ಇಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೆಟ್ಟಿಗೆಯೊಂದರಿಂದ ಎರಡು ಅಥವಾ ನಾಲ್ಕು ತಂತಿಗಳು ಹೊರಟು, ಅಂಟುವ ಬಿಲ್ಲೆಗಳ ಮೂಲಕ ಚರ್ಮಕ್ಕೆ ತಗಲುತ್ತವೆ. ಅದರೊಳಗಣ ಸಣ್ಣ ಬ್ಯಾಟರಿ ಕ್ಷಣಕ್ಷಣಕ್ಕೂ ಮಿಡಿಯುವ ಅಲ್ಪ ಪ್ರವಾಹವನ್ನು ಕಳುಹಿಸುತ್ತದೆ. ಇರುವೆ ಹರಿದಂತೆ ಜುಮುಜುಮು ಎನ್ನುತ್ತದೆ. 'ಟೆನ್ಸ್' ಎಂಬುದು ಇದರ ಚಿಕ್ಕ ಹೆಸರು. ಚರ್ಮದ ಮೇಲಿನಿಂದ ನರಗಳನ್ನು ವಿದ್ಯುತ್ತಿನಿಂದ ಪ್ರಚೋದಿಸುವುದು ಎಂಬುದು ಆ ಇಂಗ್ಲಿಷ್ ಹೆಸರಿನ ತಾತ್ಪರ್ಯ.

ಪೆಟ್ಟಿಗೆ ಹೊಸದಾದರೂ ಆಸೆ ಹಳೆಯದು. ಕ್ರಿಸ್ತಶಕ 47ರ ಸುಮಾರಿಗೆ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತನ್ನ ಔಷಧಗ್ರಂಥದಲ್ಲಿ ವಾತರಕ್ತದ ನೋವಿಗೆ ಒಂದು ವಿಚಿತ್ರ ಮದ್ದನ್ನು ಬರೆದನು. ಮೈಯಲ್ಲಿ ವಿದ್ಯುತ್ತನ್ನು ಹುಟ್ಟಿಸುವ ಟಾರ್ಪಿಡೋ ಎಂಬ ಕಡಲಮೀನನ್ನು ಜೀವಂತವಾಗಿ ಹಿಡಿದು, ಅಲೆ ಬಂದು ತೊಯ್ಯಿಸುವ ತೀರದಲ್ಲಿ ಪಾದದ ಕೆಳಗಿಟ್ಟುಕೊಂಡು, ಮೊಣಕಾಲಿನವರೆಗೆ ಮರಗಟ್ಟುವ ತನಕ ನಿಲ್ಲಬೇಕೆಂಬುದು ಆ ಮದ್ದು. ಟೈಬೀರಿಯಸ್ ಚಕ್ರವರ್ತಿಯ ಕಡೆಯವನಾದ ಆಂಟೆರೋಸ್ ಎಂಬಾತನಿಗೆ ಇದರಿಂದ ಗುಣವಾಯಿತೆಂದೂ ಅವನು ಬರೆದಿದ್ದಾನೆ. ವಿದ್ಯುತ್ತೆಂಬ ಹೆಸರೇ ಗೊತ್ತಿಲ್ಲದ ಕಾಲದಲ್ಲಿ ಮೀನಿನ ಮೈಯೇ ಪೆಟ್ಟಿಗೆಯಾಗಿತ್ತು.

ಹದಿನೆಂಟನೆಯ ಶತಮಾನದ ನಡುವಿನಲ್ಲಿ ವಿದ್ಯುತ್ತನ್ನು ಗಾಜಿನ ಜಾಡಿಯಲ್ಲಿ ತುಂಬಿಡುವ ಉಪಾಯ ತಿಳಿದೊಡನೆ ಯೂರೋಪು ಅಮೆರಿಕಗಳಲ್ಲಿ ವಿದ್ಯುದ್ವೈದ್ಯರ ಸಂತೆಯೇ ನೆರೆಯಿತು. ಆ ಗದ್ದಲದ ನಡುವೆ ಒಂದು ನಿಧಾನದ ಸ್ವರ ಕೇಳಿಬರುತ್ತದೆ. ಅದು ಬೆಂಜಮಿನ್ ಫ್ರಾಂಕ್ಲಿನ್ನನದು. ಮಿಂಚಿನ ರಹಸ್ಯವನ್ನು ಬಿಡಿಸಿದ ಕೀರ್ತಿಯನ್ನು ಕೇಳಿ ಪೆನ್ಸಿಲ್ವೇನಿಯದ ನಾನಾ ಕಡೆಗಳಿಂದ ಪಾರ್ಶ್ವವಾಯು ಬಡಿದವರನ್ನು ಅವನ ಬಳಿಗೆ ಕರೆತರುತ್ತಿದ್ದರು. ಅವನು ಅವರ ಸೋತ ಅಂಗಗಳಿಗೆ ವಿದ್ಯುತ್ತನ್ನು ಹಾಯಿಸಿದನು. ಮೊದಲ ದಿನಗಳಲ್ಲಿ ಅಂಗ ಬೆಚ್ಚಗಾಗುವುದು, ಸ್ವಲ್ಪ ಚಲಿಸುವುದು. ಐದನೆಯ ದಿನದ ಮೇಲೆ ಮುನ್ನಡೆಯಿಲ್ಲ. ರೋಗಿಗಳು ನಿರಾಶರಾಗಿ ಊರಿಗೆ ಮರಳುವರು. 1757ರಲ್ಲಿ ಜಾನ್ ಪ್ರಿಂಗಲ್ ಎಂಬ ವೈದ್ಯನಿಗೆ ಬರೆದ ಕಾಗದದಲ್ಲಿ ಫ್ರಾಂಕ್ಲಿನ್ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ತಿಳಿಸಿ, ಒಂದು ಸಂದೇಹವನ್ನು ಸೇರಿಸಿದನು. ಆ ತಾತ್ಕಾಲಿಕ ಗುಣ ವಿದ್ಯುತ್ತಿನಿಂದಲೇ ಬಂದಿತೋ, ಅಥವಾ ರೋಗಿಗಳು ಪ್ರಯಾಣಮಾಡಿ ದಿನವೂ ತನ್ನ ಮನೆಯವರೆಗೆ ಬಂದುಹೋದ ವ್ಯಾಯಾಮದಿಂದ ಬಂದಿತೋ, ಗುಣವಾದೀತೆಂಬ ಭರವಸೆಯ ಹುರುಪಿನಿಂದ ಬಂದಿತೋ ಎಂಬುದೇ ಆ ಸಂದೇಹ.

ವ್ಯಾಯಾಮವೇ? ಭರವಸೆಯೇ? ಮೂಲತಃ ಪಾರ್ಶ್ವವಾಯುವಿನ ಬಗ್ಗೆ ಎದ್ದ ಈ ಎರಡು ಪ್ರಶ್ನೆಗಳು ನೋವಿನ ವಿದ್ಯುಚ್ಚಿಕಿತ್ಸೆಯನ್ನೂ ಎರಡೂವರೆ ಶತಮಾನಗಳ ಕಾಲ ನೆರಳಿನಂತೆ ಹಿಂಬಾಲಿಸಿದವು.

ಭರವಸೆಯ ಬಲವೆಷ್ಟೆಂಬುದು ಬೇಗನೆ ಬಯಲಾಯಿತು. 1796ರಲ್ಲಿ ಅಮೆರಿಕದ ಎಲೀಷ ಪರ್ಕಿನ್ಸ್ ಎಂಬ ವೈದ್ಯನು ಎರಡು ಮೊನಚಾದ ಲೋಹದ ಕಡ್ಡಿಗಳಿಗೆ ಸರ್ಕಾರದ ಪೇಟೆಂಟನ್ನು ಪಡೆದನು. ನೋಯುವ ಜಾಗದ ಮೇಲೆ ಅವುಗಳನ್ನು ಎಳೆದರೆ ನೋವು ಹೊರಟುಹೋಗುವುದೆಂದು ಅವನ ಘೋಷಣೆ. ಗ್ಯಾಲ್ವನಿಯ ಕಪ್ಪೆಕಾಲಿನ ಪ್ರಯೋಗಗಳು ಮನೆಮಾತಾಗಿದ್ದ ಆ ಕಾಲದಲ್ಲಿ ಕಡ್ಡಿಗಳು ಬಿಸಿ ದೋಸೆಯಂತೆ ಖರ್ಚಾದವು. 1799ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ಜಾನ್ ಹೇಗಾರ್ತ್ ಎಂಬ ವೈದ್ಯನು ಮರದ ಕಡ್ಡಿಗಳನ್ನು ಮಾಡಿಸಿ, ಲೋಹದಂತೆ ಕಾಣುವ ಬಣ್ಣ ಬಳಿಸಿ, ಬಹುಕಾಲದ ವಾತದ ನೋವಿನಿಂದ ಬಳಲುತ್ತಿದ್ದ ಐವರ ಮೇಲೆ ಎಳೆದು ನೋಡಿದನು. ನಾಲ್ವರಿಗೆ ನೋವು ಕಡಿಮೆಯಾಯಿತು. ಮರುದಿನ ನಿಜವಾದ ಲೋಹದ ಕಡ್ಡಿಗಳನ್ನು ಎಳೆದಾಗಲೂ ಅಷ್ಟೇ ಫಲ. ಮರಕ್ಕೂ ಲೋಹಕ್ಕೂ ಭೇದವಿಲ್ಲವಾದ ಮೇಲೆ ಪರ್ಕಿನ್ಸನ ಸಿದ್ಧಾಂತ ಬಿದ್ದುಹೋಯಿತು.

ಈ ಕಥೆಯನ್ನು ಕೇಳಿದವರು ಹಲವರು ಒಂದು ತಪ್ಪು ತೀರ್ಮಾನಕ್ಕೆ ಹಾರಿದರು: ಬರಿಯ ಕಲ್ಪನೆಯಿಂದ ಹೋಗುವ ನೋವು ಬರಿಯ ಕಲ್ಪನೆಯಿಂದಲೇ ಬಂದಿರಬೇಕು ಎಂಬುದು ಆ ತೀರ್ಮಾನ. ಹಾಗಲ್ಲ. ಹೇಗಾರ್ತ್ ಸುಳ್ಳೆಂದು ತೋರಿಸಿದ್ದು ಕಡ್ಡಿಯನ್ನು; ಆ ಐವರ ವಾತದ ನೋವನ್ನಲ್ಲ. ಮಾರುವವನ ಮಾತನ್ನು ಪರೀಕ್ಷಿಸುವುದು ಒಂದು, ನೊಂದವರ ಮಾತನ್ನು ಸಂದೇಹಿಸುವುದು ಇನ್ನೊಂದು. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದರಿಂದ ಕಾಣದ ನೋವಿನವರಿಗೆ ಬಹುಕಾಲ ಅನ್ಯಾಯವಾಯಿತು.

ಚರ್ಮಕ್ಕೆ ತಗಲಿಸಿದ ವಿದ್ಯುತ್ತು ನೋವನ್ನು ಏಕೆ ತಗ್ಗಿಸಬೇಕೆಂಬುದಕ್ಕೆ ಒಪ್ಪತಕ್ಕ ಕಾರಣ ದೊರೆತದ್ದು 1965ರಲ್ಲಿ. ಕೆನಡದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಇಂಗ್ಲೆಂಡಿನಲ್ಲಿ ಹುಟ್ಟಿದ ಶರೀರಶಾಸ್ತ್ರಜ್ಞ ಪ್ಯಾಟ್ರಿಕ್ ವಾಲ್ ಆ ವರ್ಷ ತಮ್ಮ 'ಬಾಗಿಲು' ಸಿದ್ಧಾಂತವನ್ನು ಪ್ರಕಟಿಸಿದರು. ಮಗು ಬಿದ್ದು ಮೊಣಕಾಲನ್ನು ಹೊಡೆದುಕೊಂಡರೆ ತಾಯಿ ಮೊದಲು ಮಾಡುವುದು ಆ ಜಾಗವನ್ನು ತಿಕ್ಕುವುದು. ತಿಕ್ಕಿದರೆ ಪೆಟ್ಟು ವಾಸಿಯಾಗದು; ಆದರೂ ಅಳು ನಿಲ್ಲುತ್ತದೆ. ಸ್ಪರ್ಶದ ಸುದ್ದಿಯನ್ನು ದಪ್ಪ ನರತಂತುಗಳು ವೇಗವಾಗಿ ಒಯ್ಯುತ್ತವೆ. ನೋವಿನ ಸುದ್ದಿಯನ್ನು ತೆಳು ತಂತುಗಳು ನಿಧಾನವಾಗಿ ಒಯ್ಯುತ್ತವೆ. ಬೆನ್ನುಹುರಿಯಲ್ಲಿ ಒಂದು ಬಾಗಿಲಿದ್ದಂತೆ. ಸ್ಪರ್ಶದ ಸುದ್ದಿ ನುಗ್ಗಿದಾಗ ನೋವಿನ ಸುದ್ದಿಗೆ ಅದು ಅರ್ಧ ಮುಚ್ಚಿಕೊಳ್ಳುತ್ತದೆ. ಮಿದುಳಿನಿಂದ ಇಳಿದುಬರುವ ಆಜ್ಞೆಗಳೂ ಅದನ್ನು ತೆರೆಯಬಲ್ಲವು, ಮುಚ್ಚಬಲ್ಲವು. ವಿವರಗಳಲ್ಲಿ ಈ ಸಿದ್ಧಾಂತ ಮುಂದೆ ತಿದ್ದುಪಡಿಗಳನ್ನು ಕಂಡಿತಾದರೂ ಅದರ ತಿರುಳು ಉಳಿದಿದೆ.

1967ರಲ್ಲಿ ವಾಲ್ ಮತ್ತು ನರಶಸ್ತ್ರವೈದ್ಯ ವಿಲಿಯಂ ಸ್ವೀಟ್ ಈ ವಿಚಾರವನ್ನು ಮನುಷ್ಯರಲ್ಲಿ ಪರೀಕ್ಷಿಸಿದರು. ಚರ್ಮದ ತೀವ್ರ ನೋವಿನಿಂದ ಬಹುಕಾಲ ನರಳಿದ್ದ ಎಂಟು ಮಂದಿಯ ನರಗಳಿಗೆ ಸೆಕೆಂಡಿಗೆ ನೂರು ಬಾರಿ ಮಿಡಿಯುವ ಪ್ರವಾಹವನ್ನು ಕೊಟ್ಟಾಗ, ಮುಟ್ಟಿದರೆ ನೋಯುತ್ತಿದ್ದ ಜಾಗ ನೋಯದಾಯಿತು. ಕೇವಲ ಎರಡು ನಿಮಿಷಗಳ ಪ್ರವಾಹದ ಅನಂತರ ನಾಲ್ವರಿಗೆ ಅರ್ಧ ಗಂಟೆಗೂ ಮಿಕ್ಕಿ ಬಿಡುವು ದೊರೆಯಿತು. ಮುಂದಿನ ದಶಕದಲ್ಲಿ ಚರ್ಮದ ಮೇಲೆಯೇ ಬಿಲ್ಲೆಗಳನ್ನಿಡುವ ಪೆಟ್ಟಿಗೆಗಳು ಬಳಕೆಗೆ ಬಂದವು. ಮೆದುವಾದ ಮಿಡಿತವೂ ವೇಗದ ಮಿಡಿತವೂ ದೇಹದಲ್ಲೇ ಇರುವ ಅಫೀಮಿನಂತಹ ದ್ರವ್ಯಗಳ ಬೇರೆಬೇರೆ ದಾರಿಗಳನ್ನು ತೆರೆಯುತ್ತವೆಂದು ಪ್ರಾಣಿಗಳ ಮೇಲಣ ಪ್ರಯೋಗಗಳಿಂದ ಅನಂತರ ತಿಳಿದುಬಂದಿತು. ದಿನವೂ ಒಂದೇ ಬಗೆಯ ಮಿಡಿತವನ್ನು ಕೊಟ್ಟರೆ ದೇಹ ಅದಕ್ಕೆ ಒಗ್ಗಿಹೋಗಿ ಫಲ ಕುಗ್ಗುವುದೆಂಬುದೂ ಕಂಡುಬಂದಿತು.

ಇದೇ ಮೆಲ್ಜ್ಯಾಕ್ 1975ರಲ್ಲಿ ಇನ್ನೊಂದು ಕೆಲಸ ಮಾಡಿದನು. ರೋಗಿಗಳು ನೋವನ್ನು ಹೇಳಲು ಬಳಸುವ ಪದಗಳನ್ನು ಕಲೆಹಾಕಿ, 78 ಪದಗಳನ್ನು 20 ಗುಂಪುಗಳಲ್ಲಿ ಜೋಡಿಸಿ ಒಂದು ಪ್ರಶ್ನಾವಳಿಯನ್ನು ರಚಿಸಿದನು. ಸಿಡಿಯುವುದು, ನುಲಿಯುವುದು, ಉರಿಯುವುದು ಎಂಬಂತಹ ಮಾತುಗಳೇ ಅಲ್ಲಿ ಅಳತೆಯ ಗುರುತುಗಳಾದವು. ನರಗಳ ಬಾಗಿಲನ್ನು ಹುಡುಕಿದವನೇ ನೊಂದವರ ನುಡಿಗೆ ಪ್ರಯೋಗಶಾಲೆಯ ಬಾಗಿಲನ್ನು ತೆರೆದನೆಂಬುದು ಭಾಷೆಯನ್ನು ಪ್ರೀತಿಸುವವರಿಗೆ ಸಂತೋಷದ ಸಂಗತಿ.

ಇಷ್ಟಾದರೂ ಫೈಬ್ರೊಮಯಾಲ್ಜಿಯದ ಮಟ್ಟಿಗೆ ಪೆಟ್ಟಿಗೆಯ ಯೋಗ್ಯತೆ ಬಹುಕಾಲ ಇತ್ಯರ್ಥವಾಗಲಿಲ್ಲ. ಮೈಯೆಲ್ಲ ನೋಯುವಾಗ ಎರಡು ಬಿಲ್ಲೆಗಳನ್ನು ಎಲ್ಲಿ ಅಂಟಿಸುವುದು ಎಂಬುದೇ ಮೊದಲ ತೊಡಕು. ಚಿಕಿತ್ಸೆಗಳ ಸಾಕ್ಷ್ಯವನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2017ರಲ್ಲಿ ಅದುವರೆಗಿನ ಎಂಟು ಅಧ್ಯಯನಗಳನ್ನು, ಒಟ್ಟು 315 ಮಂದಿಯ ಅನುಭವವನ್ನು ಸೋಸಿ ನೋಡಿ, ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಹೇಳಲು ಸಾಕಷ್ಟು ಒಳ್ಳೆಯ ಆಧಾರವಿಲ್ಲವೆಂದಿತು.

ಇದರ ನಡುವೆ ಇನ್ನೊಂದು ಗಂಟು. ಈ ಕಾಯಿಲೆಗೆ ಔಷಧಗಳಿಲ್ಲವೆಂದಲ್ಲ. ಅಮೆರಿಕದ ಸರ್ಕಾರ 2007 ಮತ್ತು 2009ರ ನಡುವೆ ಮೂರು ಮಾತ್ರೆಗಳಿಗೆ ಒಪ್ಪಿಗೆ ಕೊಟ್ಟಿತು. ಅವು ಕೆಲವರಿಗೆ ಕೆಲಮಟ್ಟಿಗೆ ಒದಗುತ್ತವೆ. ಆದರೆ ಯೂರೋಪಿನ ತಜ್ಞರು ಸುಮಾರು ಅದೇ 2017ರ ಹೊತ್ತಿಗೆ ಹೊರಡಿಸಿದ ಸಲಹೆಗಳಲ್ಲಿ ಎಲ್ಲಕ್ಕಿಂತ ಬಲವಾಗಿ ಒತ್ತಿಹೇಳಿದ್ದು ವ್ಯಾಯಾಮವನ್ನು. ಹಾಗಾದರೆ ಅತ್ತೆಯೂ ಗಂಡನೂ ಓಡಾಡೆಂದು ಹೇಳುವುದು ಸರಿಯೆಂದಾಯಿತಲ್ಲ! ಸರಿಯೇ, ಆದರೆ ಓಡಾಡಲು ಬಿಡದಿರುವುದೇ ಆ ನೋವು. ನೀರಿಗಿಳಿಯದೆ ಈಜು ಬಾರದು, ಈಜು ಬಾರದೆ ನೀರಿಗಿಳಿಯಲಾಗದು ಎಂಬಂತಾಯಿತು ಆಕೆಯ ಪಾಡು.

ಆ ಗಂಟನ್ನು ಹಿಡಿದು ಬಿಡಿಸಲು ಹೊರಟದ್ದು ಅಮೆರಿಕದ ಅಯೋವ ಮತ್ತು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯಗಳಲ್ಲಿ ನಡೆದ ಒಂದು ಪ್ರಯೋಗ. ಡೇನಾ ಡೈಲಿ, ಕ್ಯಾಥ್ಲೀನ್ ಸ್ಲೂಕ ಮತ್ತು ಸಂಗಡಿಗರು ಅದರ ಫಲವನ್ನು 2020ರಲ್ಲಿ ಪ್ರಕಟಿಸಿದರು. 301 ಮಂದಿ ಮಹಿಳೆಯರನ್ನು ಚೀಟಿಯೆತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾದ ಪೆಟ್ಟಿಗೆ. ಎರಡನೆಯದಕ್ಕೆ ಸುಮಾರು ಮುಕ್ಕಾಲು ನಿಮಿಷ ಜುಮುಗುಟ್ಟಿಸಿ ತಾನಾಗಿ ಮೌನವಾಗುವ ಪೆಟ್ಟಿಗೆ. ಮೂರನೆಯದಕ್ಕೆ ಪೆಟ್ಟಿಗೆಯೇ ಇಲ್ಲ. ಬಿಲ್ಲೆಗಳನ್ನು ಬೆನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಅಂಟಿಸಿ, ಸೆಕೆಂಡಿಗೆ 2ರಿಂದ 125ರವರೆಗೆ ಬದಲಾಗುತ್ತಿರುವ ಮಿಡಿತವನ್ನು, ನೋಯದಂತೆ ತಡೆಯಬಹುದಾದ ಅತಿ ಹೆಚ್ಚಿನ ಬಲದಲ್ಲಿ, ದಿನಕ್ಕೆ ಎರಡು ಗಂಟೆಗಳಂತೆ ನಾಲ್ಕು ವಾರ ಬಳಸಬೇಕು. ಮಲಗಿಕೊಂಡಲ್ಲ, ಓಡಾಡುತ್ತ ಕೆಲಸಮಾಡುತ್ತ ಬಳಸಬೇಕು. ಅಳೆದದ್ದೂ ಮುಖ್ಯವಾಗಿ ನಡೆಯುವಾಗ, ಮೈ ಅಲುಗಿಸುವಾಗ ಆಗುವ ನೋವನ್ನೇ. ಫ್ರಾಂಕ್ಲಿನ್ನನ ಎರಡು ಸಂದೇಹಗಳಿಗೂ ಇಲ್ಲಿ ಸ್ಥಾನ ದೊರೆಯಿತು. ಮೌನದ ಪೆಟ್ಟಿಗೆ ಭರವಸೆಯ ಪಾಲನ್ನು ತೂಗಿತು; ಅವನನ್ನು ಗೊಂದಲಕ್ಕೀಡುಮಾಡಿದ್ದ ನಡಿಗೆ ಇಲ್ಲಿ ಪರೀಕ್ಷೆಯ ಗುರಿಯೇ ಆಯಿತು.

ಚಲನೆಯ ನೋವು ನೂರಕ್ಕೆ 30 ಪಾಲಾದರೂ ಇಳಿದವರು ನಿಜವಾದ ಪೆಟ್ಟಿಗೆಯವರಲ್ಲಿ ನೂರಕ್ಕೆ 44, ಮೌನದ ಪೆಟ್ಟಿಗೆಯವರಲ್ಲಿ 22, ಏನೂ ಇಲ್ಲದವರಲ್ಲಿ 14. ತಮ್ಮ ಸ್ಥಿತಿ ಒಟ್ಟಿನಲ್ಲಿ ಉತ್ತಮಗೊಂಡಿತೆಂದವರು ಅದೇ ಕ್ರಮದಲ್ಲಿ ನೂರಕ್ಕೆ 70, 31 ಮತ್ತು 9. ಗಂಭೀರವಾದ ತೊಂದರೆ ಪೆಟ್ಟಿಗೆಯಿಂದ ಯಾರಿಗೂ ಆಗಲಿಲ್ಲ.

ಈ ಅಂಕಿಗಳನ್ನು ನಿಧಾನವಾಗಿ ಓದಬೇಕು. ಮರದ ಕಡ್ಡಿಗೂ ಲೋಹದ ಕಡ್ಡಿಗೂ ಭೇದವಿರಲಿಲ್ಲ, ಇಲ್ಲಿ ಭೇದವಿದೆ. ಆದುದರಿಂದ ಪ್ರವಾಹಕ್ಕೆ ತನ್ನದೇ ಆದ ಗುಣವುಂಟೆಂದು ಹೇಳಬಹುದು. ಆದರೆ ಅದು ಪವಾಡವಲ್ಲ. ನೂರರಲ್ಲಿ 56 ಮಂದಿಗೆ ಆ ಮಟ್ಟದ ಬಿಡುವು ಸಿಗಲಿಲ್ಲ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ನಿಜದ ಪೆಟ್ಟಿಗೂ ಮೌನದ ಪೆಟ್ಟಿಗೂ ನಡುವಣ ಸರಾಸರಿ ಅಂತರ ಒಂದೇ ಅಂಕ. ಇನ್ನು ಮೌನದ ಪೆಟ್ಟಿಗೆಯಿಂದಲೂ ಹಗುರಗೊಂಡ ಆ 22 ಮಂದಿ ಸುಳ್ಳು ಹೇಳಿದರೆ? ಇಲ್ಲ. ಮಿದುಳಿನಿಂದ ಇಳಿಯುವ ಆಜ್ಞೆಗಳು ಬಾಗಿಲನ್ನು ಮುಚ್ಚಬಲ್ಲವೆಂದ ಮೇಲೆ, ಯಾರೋ ತಮ್ಮ ನೋವನ್ನು ನಂಬಿ, ವಿಚಾರಿಸಿ, ದಿನದಿನವೂ ಬರೆದುಕೊಂಡರೆಂಬುದೇ ಸ್ವಲ್ಪ ಬಿಡುವಾದುದರಲ್ಲಿ ಆಶ್ಚರ್ಯವೇನು?

ಪೆಟ್ಟಿಗೆಯನ್ನು ಕೊಳ್ಳಬೇಕೆಂದಿರುವವರು ಕೆಲವು ಮಾತುಗಳನ್ನು ನೆನಪಿಡಬೇಕು. ಹೃದಯದ ಬಡಿತವನ್ನು ಕಾಯುವ ಪೇಸ್‌ಮೇಕರ್ ಉಳ್ಳವರು, ಗರ್ಭಿಣಿಯರು, ಅಪಸ್ಮಾರವಿರುವವರು ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಮುಟ್ಟಬಾರದು. ಕುತ್ತಿಗೆಯ ಮುಂಭಾಗಕ್ಕೆ, ಗಾಯವಾದ ಅಥವಾ ಸ್ಪರ್ಶ ತಿಳಿಯದ ಚರ್ಮಕ್ಕೆ ಬಿಲ್ಲೆಗಳನ್ನು ಹಚ್ಚಬಾರದು. ಮನೆಯ ವಿದ್ಯುತ್ತಿಗೆ ತಾವೇ ತಂತಿ ಜೋಡಿಸಿಕೊಳ್ಳುವ ಸಾಹಸ ಪ್ರಾಣಕ್ಕೆ ಎರವು. ಬಿಲ್ಲೆಯನ್ನು ಎಲ್ಲಿಡಬೇಕು, ಬಲವೆಷ್ಟಿರಬೇಕು ಎಂಬುದನ್ನು ಭೌತಚಿಕಿತ್ಸಕರಿಂದ ಒಮ್ಮೆ ಕಲಿಯುವುದು ಮೇಲು. ತೀರ ಮೆಲ್ಲಗಿಟ್ಟರೆ ಫಲವಿಲ್ಲ, ನೋಯುವಷ್ಟು ಏರಿಸಬೇಕಾಗಿಯೂ ಇಲ್ಲ. ರೋಗವನ್ನೇ ಬುಡಮೇಲು ಮಾಡುತ್ತೇವೆಂದು ಸಾರುವ ಜಾಹಿರಾತನ್ನು ಕಂಡಾಗ ಬಾತ್ ನಗರದ ಮರದ ಕಡ್ಡಿಗಳನ್ನು ಜ್ಞಾಪಿಸಿಕೊಂಡರೆ ಹಣ ಉಳಿದೀತು.

ಪ್ರವಾಹ ಕೊಡುವುದು ಇಷ್ಟೆ: ಗಂಟೆಯೆರಡು ಗಂಟೆಗಳ ಕಾಲ ನೋವಿನ ಕೂಗನ್ನು ಸ್ವಲ್ಪ ತಗ್ಗಿಸುತ್ತದೆ. ಆ ಹೊತ್ತಿನಲ್ಲಿ ಆಕೆ ಹಿತ್ತಿಲಿನಲ್ಲಿ ನಾಲ್ಕು ಸುತ್ತು ನಡೆದರೆ, ನಾಳೆ ಐದು ಸುತ್ತಿಗೆ ಮೈ ಅಣಿಯಾಗುತ್ತದೆ. ವ್ಯಾಯಾಮವೆಂಬ ಹೆಚ್ಚಿನ ಮದ್ದಿಗೆ ದಾರಿ ತೆರೆಯುತ್ತದೆ. ಆ ನಾಲ್ಕು ಸುತ್ತಿಗೆ ಯಾರಾದರೂ ಜೊತೆಯಾಗಿ ಹೆಜ್ಜೆಯಿಟ್ಟು, 'ಇವತ್ತು ಹೇಗಿದೆ?' ಎಂದು ಕೇಳಿ ಆಕೆ ಹೇಳುವುದನ್ನು ಕೊನೆಯವರೆಗೆ ಕೇಳಿಸಿಕೊಳ್ಳುವುದಕ್ಕೆ ತಂತಿಯೂ ಬೇಡ, ಬ್ಯಾಟರಿಯೂ ಬೇಡ.